ಟಸ್ಕನಿಯ ಬಿಳಿಯ ದಾರಿಗಳು

(ಬಾನುಲಿ ಭಾಷಣ)

ಮೂವತ್ತನಾಲ್ಕು ವರ್ಷಗಳ ಕಾಲ ರಸ್ತೆಗಳಿಗೆ ಡಾಂಬರು ಹಾಕಿಸುವುದೇ ನನ್ನ ಉದ್ಯೋಗವಾಗಿತ್ತು. ಅಂಥವನು ಡಾಂಬರಿಲ್ಲದ ರಸ್ತೆಗಳನ್ನು ಕುರಿತು, ಅದೂ ಮೆಚ್ಚಿಕೊಂಡು ಮಾತನಾಡುತ್ತಾನೆಂದರೆ ನನ್ನೊಡನೆ ಕೆಲಸ ಮಾಡಿದವರು ನಕ್ಕಾರು. ನಗಲಿ. ನಾನೂ ಮೊದಲಿಗೆ ನಕ್ಕವನೇ.

ಇಟಲಿ ದೇಶದ ನಡುಭಾಗದಲ್ಲಿ ಟಸ್ಕನಿ ಎಂಬ ಪ್ರಾಂತವಿದೆ. ಅದರ ದಕ್ಷಿಣಕ್ಕೆ ಸಿಯೇನಾ ಎಂಬ ಹಳೆಯ ನಗರ. ಈ ನಗರದ ಸುತ್ತಲಿನ ಗುಡ್ಡಗಾಡಿನಲ್ಲಿ ಇಂದಿಗೂ ನೂರಾರು ಕಿಲೋಮೀಟರುಗಳಷ್ಟು ಜಲ್ಲಿಯ ರಸ್ತೆಗಳು ಉಳಿದುಕೊಂಡಿವೆ. ಅಲ್ಲಿನವರು ಅವನ್ನು 'ಸ್ತ್ರಾದೆ ಬಿಯಾಂಕೆ', ಎಂದರೆ ಬಿಳಿಯ ರಸ್ತೆಗಳು ಎಂದು ಕರೆಯುತ್ತಾರೆ. ಜಗತ್ತಿನ ಮೂಲೆಮೂಲೆಗಳಿಂದ ಜನರು ಸೈಕಲ್ಲುಗಳನ್ನು ಹೊತ್ತು ತಂದು, ಒಳ್ಳೆಯ ಡಾಂಬರು ರಸ್ತೆಯನ್ನು ಬಿಟ್ಟು, ಈ ಕಲ್ಲುಪುಡಿಯ ದಾರಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಇಂಗ್ಲಿಷಿನಲ್ಲಿ ಈ ಹವ್ಯಾಸಕ್ಕೆ ಗ್ರಾವೆಲ್ ಬೈಕಿಂಗ್ ಎಂದು ಹೆಸರು; ಜಲ್ಲಿ ದಾರಿಯ ಸೈಕಲ್ ಸವಾರಿ ಎಂದು ನಾವು ಹೇಳಬಹುದು. ಜರ್ಮನಿಯಲ್ಲಿ ನೆಲೆಸಿರುವ ನನ್ನ ಮಗಳು ಒಂದು ಸೆಪ್ಟೆಂಬರಿನ ಕೊನೆಯಲ್ಲಿ, "ಅಪ್ಪ, ನಿಮಗೆ ಬೇಕಾದ ರಸ್ತೆಗಳನ್ನು ತೋರಿಸುತ್ತೇನೆ, ಬನ್ನಿ" ಎಂದು ನನ್ನನ್ನು ಅಲ್ಲಿಗೆ ಕರೆದೊಯ್ದಳು. ನಾಲ್ಕು ದಿನ ಸುತ್ತಿದೆವು. ಅವಳದು ತುಳಿಯುವ ಸೈಕಲ್ಲು; ನನ್ನ ಮೊಣಕಾಲುಗಳ ಮೇಲೆ ಕರುಣೆಯಿಟ್ಟು ನನಗೆ ವಿದ್ಯುತ್ತಿನ ನೆರವುಳ್ಳ ಸೈಕಲ್ಲನ್ನು ಬಾಡಿಗೆಗೆ ಗೊತ್ತುಮಾಡಿದ್ದಳು. ಅಲ್ಲಿನ ಕಾನೂನಿನಂತೆ ಅದರ ಮೋಟಾರು ಗಂಟೆಗೆ 25 ಕಿಲೋಮೀಟರು ವೇಗದವರೆಗೆ ಮಾತ್ರ ನೆರವಾಗುತ್ತದೆ. ನಾನು ಆ ಮಿತಿಯನ್ನು ಮುಟ್ಟಿದ್ದು ಇಳಿಜಾರಿನಲ್ಲಿ ಮಾತ್ರ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲು ಸೈಕಲ್ಲಿನ ಸಂಗತಿ. ನೋಡುವುದಕ್ಕೆ ಇದು ಪಂದ್ಯದ ಸೈಕಲ್ಲಿನಂತೆಯೇ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹಗುರವಾದ ಚೌಕಟ್ಟು. ಆದರೆ ಟೈರು ಅಗಲ. ಪಂದ್ಯದ ಸೈಕಲ್ಲುಗಳಿಗೆ ಬಹುಕಾಲ 23 ಅಥವಾ 25 ಮಿಲಿಮೀಟರು ಅಗಲದ ಟೈರುಗಳಿದ್ದುವು. ಇದಕ್ಕೆ 35ರಿಂದ 50 ಮಿಲಿಮೀಟರು. ಗಾಳಿಯನ್ನೂ ಕಲ್ಲಿನಂತೆ ಗಟ್ಟಿಯಾಗಿ ತುಂಬುವುದಿಲ್ಲ. ಇದರ ಮರ್ಮ ಸರಳವಾದದ್ದು. ಗಟ್ಟಿ ಟೈರು ಒಂದು ಸಣ್ಣ ಕಲ್ಲಿನ ಮೇಲೆ ಹತ್ತಿದಾಗ ಸೈಕಲ್ಲನ್ನೂ ಸವಾರನನ್ನೂ ಒಟ್ಟಿಗೆ ಮೇಲಕ್ಕೆತ್ತುತ್ತದೆ. ಹಾಗೆತ್ತಲು ಬೇಕಾದ ಶಕ್ತಿ ಸವಾರನ ಕಾಲಿನಿಂದಲೇ ಹೋಗಬೇಕು. ಮೆತ್ತನೆಯ ಅಗಲ ಟೈರಾದರೋ ಕಲ್ಲನ್ನು ತನ್ನೊಳಕ್ಕೆ ಒತ್ತಿಸಿಕೊಂಡು ಮುಂದೆ ಸಾಗುತ್ತದೆ. ಸವಾರ ಇದ್ದ ಎತ್ತರದಲ್ಲೇ ಇರುತ್ತಾನೆ. ಒಳಗೆ ಟ್ಯೂಬೂ ಇಲ್ಲ. ಅದರ ಬದಲು ಹಾಲಿನಂಥ ಒಂದು ದ್ರವವನ್ನು ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಅದು ತೂತಿಗೆ ಹರಿದು ಹೆಪ್ಪುಗಟ್ಟಿ ಮುಚ್ಚುತ್ತದೆ. ದಿಣ್ಣೆಯನ್ನೇರಲು ಬಹಳ ತಗ್ಗಿನ ಗೇರುಗಳು, ಇಳಿಯಲು ತಟ್ಟೆಯ ಬ್ರೇಕುಗಳು. ಇಷ್ಟು ಗೊತ್ತಿದ್ದರೆ ಸಾಕು. ಉಳಿದ ವಿವರಗಳನ್ನು ಅಂಗಡಿಯವನು ಕೇಳದಿದ್ದರೂ ಹೇಳುತ್ತಾನೆ.

ಇನ್ನು ರಸ್ತೆ. ಸಿಯೇನಾದ ಉತ್ತರಕ್ಕೆ ಕಿಯಾಂತಿ ಎಂಬ ನಾಡು. ದ್ರಾಕ್ಷಿಯ ತೋಟಗಳೂ ಓಕ್ ಮರದ ಕಾಡುಗಳೂ ತುಂಬಿದ ಗುಡ್ಡಗಳು. ಅಲ್ಲಿಯ ನೆಲದಲ್ಲಿ ಸಿಕ್ಕುವುದು ಒಂದು ಬಗೆಯ ಬಿಳಿ ಸುಣ್ಣಕಲ್ಲು. ಅದನ್ನು ಒಡೆದು ಹರಡಿದರೆ ಅದರ ಪುಡಿಯೇ ಅಂಟಿನಂತೆ ಕಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಒಣಗಿದಾಗ ಆ ರಸ್ತೆ ಕಣ್ಣು ಕೋರೈಸುವಷ್ಟು ಬೆಳ್ಳಗಾಗುತ್ತದೆ. ಹೆಸರು ಬಂದದ್ದು ಅದರಿಂದಲೇ. ನಗರದ ಆಗ್ನೇಯಕ್ಕೆ ಹೋದರೆ ನೆಲದ ಗುಣವೇ ಬದಲಾಗುತ್ತದೆ. 'ಕ್ರೇತೆ ಸೆನೇಸಿ' ಎಂದು ಆ ಪ್ರದೇಶಕ್ಕೆ ಹೆಸರು. ಸಿಯೇನಾದ ಜೇಡಿನೆಲ ಎಂದು ಅರ್ಥ. ಹತ್ತಾರು ಲಕ್ಷ ವರ್ಷಗಳ ಹಿಂದೆ ಅದು ಸಮುದ್ರದ ತಳವಾಗಿತ್ತು. ಆಗ ಕೆಳಗೆ ಕೂತ ಬೂದು ಬಣ್ಣದ ಜೇಡಿ ಇಂದು ಮರಗಳಿಲ್ಲದ ಬೋಳು ದಿಬ್ಬಗಳಾಗಿ, ಮಳೆ ಕೊರೆದ ಕೊರಕಲುಗಳಾಗಿ ನಿಂತಿದೆ. ಅಲ್ಲಿ ಗೋಧಿಯನ್ನು ಬೆಳೆಯುತ್ತಾರೆ. ವಸಂತದಲ್ಲಿ ಹಸಿರು, ಜೂನಿನಲ್ಲಿ ಹೊನ್ನು. ನಾವು ಹೋದಾಗ ಉಳುಮೆ ಮುಗಿದು ಇಡೀ ನಾಡು ಆನೆಯ ಮೈಯಂತೆ ಕಾಣುತ್ತಿತ್ತು.

ನಮ್ಮ ಉತ್ತರ ಕರ್ನಾಟಕದ ಎರೆನೆಲವನ್ನು ಬಲ್ಲವರಿಗೆ ಈ ಜೇಡಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಒಣಗಿದ್ದಾಗ ಗಾರೆಯಂತೆ ಗಟ್ಟಿ; ಒಂದು ಮಳೆ ಬಿದ್ದರೆ ಚಕ್ರಕ್ಕೆ ಸುತ್ತಿಕೊಂಡು ಗಾಡಿಯನ್ನೇ ಹಿಡಿದು ನಿಲ್ಲಿಸುತ್ತದೆ. 2010ರ ಮೇ ತಿಂಗಳಿನಲ್ಲಿ ಇಟಲಿಯ ಪ್ರಸಿದ್ಧ ಸೈಕಲ್ ಸ್ಪರ್ಧೆಯಾದ ಜಿರೋ ಈ ದಾರಿಗಳ ಮೇಲೆ ಮೊಂತಾಲ್ಚಿನೊ ಊರಿಗೆ ಬಂದ ದಿನ ಸುರಿಯುವ ಮಳೆ. ಆ ದಿನ ಗೆದ್ದವನು ಆಸ್ಟ್ರೇಲಿಯದ ಕ್ಯಾಡೆಲ್ ಇವಾನ್ಸ್. ಗುರಿ ಮುಟ್ಟಿದಾಗ ಸವಾರರ ಅಂಗಿಯ ಬಣ್ಣವಾಗಲಿ, ಮುಖವಾಗಲಿ ಗುರುತು ಸಿಕ್ಕುವಂತಿರಲಿಲ್ಲ. ಎಲ್ಲರೂ ಒಂದೇ ಕೆಸರಿನಿಂದ ಮಾಡಿದ ಬೊಂಬೆಗಳಾಗಿದ್ದರು.

ಇಂಥ ನೆಲದಲ್ಲಿ ಇಂಥ ರಸ್ತೆ ಬಾಳುವುದು ಹೇಗೆ? ಒಂದು ಕಾರಣ ಅಲ್ಲಿಯ ಹವೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೇಸಗೆ ಒಣ ಕಾಲ. ಮಳೆ ಬರುವುದು ಶರತ್ಕಾಲ ಮತ್ತು ಚಳಿಗಾಲಗಳಲ್ಲಿ. ಬಿಸಿಲೂ ಮಳೆಯೂ ಜೊತೆಗೂಡಿ ಬರುವ ನಮ್ಮ ಮುಂಗಾರಿನ ಕ್ರಮಕ್ಕೆ ಇದು ತಿರುಗುಮುರುಗು. ಮಳೆಯ ಪ್ರಮಾಣವೂ ಕಡಿಮೆ. ನಾನು ಹುಟ್ಟಿ ಬೆಳೆದ ಹೊಸನಗರದ ಸೀಮೆಯಲ್ಲಿ ಬೀಳುವ ಮಳೆಗೆ ಅದನ್ನು ಹೋಲಿಸುವಂತೆಯೇ ಇಲ್ಲ. ನಮ್ಮಲ್ಲಿ ಗರಸು ಹಾಕಿದ ರಸ್ತೆ ಒಂದು ಮಳೆಗಾಲವನ್ನು ದಾಟಿದರೆ ಪುಣ್ಯ.

ಎರಡನೆಯ ಕಾರಣ ನಮ್ಮ ವೃತ್ತಿಗೆ ಸೇರಿದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಜಾನ್ ಮೆಕ್ಯಾಡಮ್ ಎಂಬಾತ ರಸ್ತೆ ಕಟ್ಟುವವರಿಗೆ ಒಂದು ಮಾತನ್ನು ಕಲಿಸಿಕೊಟ್ಟ. ಭಾರವನ್ನು ನಿಜವಾಗಿ ಹೊರುವುದು ಕೆಳಗಿನ ನೆಲ. ಅದು ಒಣಗಿರುವವರೆಗೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಆದ್ದರಿಂದ ದೊಡ್ಡ ಬಂಡೆಗಳ ಅಡಿಪಾಯ ಬೇಡ. ಸಣ್ಣದಾಗಿ ಒಡೆದ ಕಲ್ಲು ಸಾಕು. ಆರು ಔನ್ಸಿಗಿಂತ ತೂಕದ ಕಲ್ಲು ಇರಕೂಡದೆಂದು ಅವನ ಕಟ್ಟಪ್ಪಣೆ. ಚೂಪಾದ ಅಂಚುಗಳು ಒಂದರೊಳಗೊಂದು ಸಿಕ್ಕಿಕೊಂಡು ಮಾಡಿನಂತೆ ಆಗಬೇಕು. ನೀರು ಕೆಳಗೆ ಇಳಿಯದೆ ಎರಡು ಪಕ್ಕಕ್ಕೂ ಹರಿದು ಚರಂಡಿಗೆ ಬೀಳಬೇಕು. ಡಾಂಬರು ಬಂದದ್ದು ಆಮೇಲೆ. ಅದು ಈ ಮಾಡಿನ ಮೇಲೆ ಬಳಿದ ಬಣ್ಣವೇ ಹೊರತು ಮಾಡಲ್ಲ ಎಂದು ನಮ್ಮ ಹಿರಿಯ ಇಂಜಿನಿಯರೊಬ್ಬರು ಹೇಳುತ್ತಿದ್ದರು. ಹೊಸಬರಾದ ನಮಗೆ ಆಗ ಅದು ಹಳೆಯ ಕಾಲದ ಮಾತೆನಿಸಿತ್ತು.

ಟಸ್ಕನಿಯಲ್ಲಿ ನಾನು ಹೆಚ್ಚಾಗಿ ನೋಡಿದ್ದು ಚರಂಡಿಗಳನ್ನೇ. ಮಗಳು ಬೆಟ್ಟದ ಸಾಲನ್ನೂ ಸೈಪ್ರೆಸ್ ಮರಗಳನ್ನೂ ಚಿತ್ರ ತೆಗೆಯುತ್ತಿದ್ದರೆ ನಾನು ಮೋರಿಗಳ ಬಾಯನ್ನು ಬಗ್ಗಿ ನೋಡುತ್ತಿದ್ದೆ. ಕಸ ಕಟ್ಟಿದ ಮೋರಿಗಳು ಕಂಡದ್ದು ಬಹಳ ಕಡಿಮೆ. ಇಳಿಜಾರಿನಲ್ಲಿ ನೀರು ರಸ್ತೆಯ ಉದ್ದಕ್ಕೂ ಓಡದಂತೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಿದ್ದರು. ತೀರ ಕಡಿದಾದ ಏರುಗಳಲ್ಲಿಯೂ ಕೆಲವು ಮನೆಗಳ ಮುಂದೆಯೂ ಒಂದಿಷ್ಟು ದೂರ ಗಟ್ಟಿ ಹಾಸನ್ನು ಹಾಕಿ, ಮತ್ತೆ ಜಲ್ಲಿಗೆ ಬಿಟ್ಟಿದ್ದರು.

ರಸ್ತೆಗಳಿಗೆ ಆಗುವ ಇನ್ನೊಂದು ರೋಗವನ್ನು ಸೈಕಲ್ಲಿನ ಮೇಲೆ ಕುಳಿತವನು ಬೆನ್ನಿನಿಂದಲೇ ಬಲ್ಲ. ರಸ್ತೆಗೆ ಅಡ್ಡಲಾಗಿ ಸಾಲುಸಾಲಾಗಿ ಏಳುವ ಸಣ್ಣ ಅಲೆಗಳು. ಮೋಟಾರು ವೇಗವಾಗಿ ಬಂದಾಗ ಚಕ್ರ ಒಂದು ಉಬ್ಬಿನ ಮೇಲೆ ಪುಟಿದು ಅದರಾಚೆ ಬೀಳುತ್ತದೆ. ಬಿದ್ದಲ್ಲಿ ಜಲ್ಲಿಯನ್ನು ಒತ್ತಿ ತಗ್ಗು ಮಾಡುತ್ತದೆ. ಮುಂದಿನ ಚಕ್ರ ಅದೇ ತಗ್ಗನ್ನು ಇನ್ನಷ್ಟು ಆಳ ಮಾಡುತ್ತದೆ. ನಿಧಾನವಾಗಿ ಹೋದರೆ ಈ ಅಲೆಗಳು ಏಳುವುದೇ ಇಲ್ಲ. ರೋಗವನ್ನು ತರುವುದು ಮೋಟಾರು, ಅನುಭವಿಸುವುದು ಸೈಕಲ್ಲು.

ಈ ದಾರಿಗಳು ಉಳಿದದ್ದು ಯಾರೋ ಕಲಾಭಿಮಾನದಿಂದ ಉಳಿಸಿದ್ದರಿಂದಲ್ಲ, ಮೊದಲಿಗೆ ಬಡತನದಿಂದ. ಟಸ್ಕನಿಯ ಜಮೀನುಗಳು ಶತಮಾನಗಳ ಕಾಲ ಕೋರಿಗೆ ನಡೆಯುತ್ತಿದ್ದುವು. ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಉತ್ತವನಿಗೆ. ಪ್ರತಿಯೊಂದು ದಿಬ್ಬದ ಮೇಲೂ ಒಂದು ಒಕ್ಕಲಿನ ಮನೆ. ಆ ಮನೆಗಳನ್ನು ಒಡೆಯನ ಕಣಜಕ್ಕೂ ಹಳ್ಳಿಯ ಚರ್ಚಿಗೂ ಸೇರಿಸಿದ ಗಾಡಿಯ ಜಾಡುಗಳೇ ಈ ಬಿಳಿಯ ರಸ್ತೆಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಕ್ಕಲುಗಳು ಕಾರ್ಖಾನೆಗಳ ಕಡೆ ಹೊರಟರು. ಹೊಸದಾಗಿ ಕೋರಿಗೆ ಕೊಡುವುದನ್ನು 1964ರ ಕಾನೂನು ನಿಷೇಧಿಸಿತು. ಉಳಿದಿದ್ದ ಕರಾರುಗಳನ್ನು 1982ರ ಕಾನೂನು ಗೇಣಿಗೆ ತಿರುಗಿಸಿತು. ನಮ್ಮಲ್ಲಿ 1974ರಲ್ಲಿ ಉಳುವವನೇ ಹೊಲದೊಡೆಯನಾದದ್ದನ್ನು ಕಂಡ ನನ್ನಂಥವರಿಗೆ ಈ ಕಥೆ ಅರ್ಧ ಪರಿಚಿತವೆನಿಸುತ್ತದೆ, ಅರ್ಧ ಬೇರೆ ಎನಿಸುತ್ತದೆ. ಅಲ್ಲಿ ನೆಲ ಕೈಗೆ ಬರುವ ಹೊತ್ತಿಗೆ ಉಳುವವನೇ ಊರು ಬಿಟ್ಟಿದ್ದ. ಜೇಡಿನೆಲದ ಬರಿದಾದ ಮನೆಗಳಿಗೆ ಸಾರ್ಡೀನಿಯ ದ್ವೀಪದಿಂದ ಕುರುಬರು ಮಂದೆಗಳೊಡನೆ ಬಂದು ಸೇರಿದರು. ಇಂದು ಅಲ್ಲಿ ಹೆಸರುವಾಸಿಯಾಗಿರುವ ಕುರಿಹಾಲಿನ ಗಿಣ್ಣಿನ ಹಿಂದೆ ಅವರ ಶ್ರಮವಿದೆ. ಜನರಿಲ್ಲದ ಮನೆಗಳಿಗೆ ಹೋಗುವ ದಾರಿಗೆ ಡಾಂಬರು ಯಾರು ಹಾಕಿಯಾರು? ಹೀಗೆ ಉಳಿದುವು.

ಆದರೂ ಹಣ ಬಂದಂತೆ ಒಂದೊಂದಾಗಿ ಕಪ್ಪಾಗತೊಡಗಿದುವು. ಆಗ ಕಿಯಾಂತಿಯ ಗಯೋಲೆ ಎಂಬ ಸಣ್ಣ ಊರಿನಲ್ಲಿ ಜಾಂಕಾರ್ಲೊ ಬ್ರೊಚ್ಚಿ ಎಂಬವರು 1997ರಲ್ಲಿ ಒಂದು ಸವಾರಿಯನ್ನು ಏರ್ಪಡಿಸಿದರು. ಅದರ ಹೆಸರು 'ಲೆರೋಯಿಕಾ', ವೀರಸವಾರಿ ಎನ್ನೋಣ. ಹಳೆಯ ಸೈಕಲ್ಲು, ಹಳೆಯ ಉಣ್ಣೆಯ ಅಂಗಿ, ಹಳೆಯ ರಸ್ತೆ. ಸೇರಿದವರು 92 ಮಂದಿ. ಸೈಕಲ್ಲು 1987ಕ್ಕೆ ಹಿಂದಿನದಾಗಿರಬೇಕು ಎಂಬುದು ನಿಯಮ. ದಾರಿಯಲ್ಲಿ ಉಪಾಹಾರಕ್ಕೆ ಪುಡಿಖಾದ್ಯದ ಪೊಟ್ಟಣಗಳಲ್ಲ. ಆಲಿವ್ ಎಣ್ಣೆ ಹಚ್ಚಿದ ರೊಟ್ಟಿ, ಹಿಂದಿನ ದಿನದ ರೊಟ್ಟಿಯನ್ನೂ ಸೊಪ್ಪು ಕಾಳುಗಳನ್ನೂ ಹಾಕಿ ಮತ್ತೆ ಕುದಿಸಿದ ಸಾರು, ವೈನು. ಇಂದು ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಮಂದಿ ಸೇರುತ್ತಾರೆ. ನೋಡಲು ಇದು ವೇಷ ಹಾಕಿದ ಜಾತ್ರೆಯಂತೆ ಕಂಡರೂ ಉದ್ದೇಶ ಜಾತ್ರೆಯದಲ್ಲ. ಈ ದಾರಿಗಳು ಬೆಲೆಯುಳ್ಳವು, ಇವಕ್ಕೆ ಡಾಂಬರು ಬಳಿಯಬೇಡಿ ಎಂದು ಸ್ಥಳೀಯ ಆಡಳಿತಗಳಿಗೆ ಮನಗಾಣಿಸುವುದೇ ಅದರ ಹುರುಳು. 2007ರಿಂದ ವೃತ್ತಿಸವಾರರ ಪಂದ್ಯವೂ ಇದೇ ದಾರಿಗಳ ಮೇಲೆ ನಡೆಯುತ್ತಿದೆ. 2015ರಿಂದ ಮಹಿಳೆಯರಿಗೂ ಉಂಟು. ಸಾಮಾನ್ಯವಾಗಿ ಮಾರ್ಚಿಯಲ್ಲಿ ನಡೆಯುವ ಈ ಪಂದ್ಯ ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ಆಗಸ್ಟ್ 1ಕ್ಕೆ ಹೋಯಿತು. ಉರಿಯುವ ಬಿಸಿಲು, ಉಸಿರಿಗೆ ತುಂಬುವ ಧೂಳು. ಹೊರಟವರಲ್ಲಿ ಗುರಿ ಮುಟ್ಟಿದವರು ಕಡಿಮೆ.

ಸಾಮಾನ್ಯ ಸವಾರನಿಗಾಗಿ ಅದೇ ವೀರಸವಾರಿಯ ಜಾಡಿನಲ್ಲಿ ವರ್ಷವಿಡೀ ತೆರೆದಿರುವ 209 ಕಿಲೋಮೀಟರಿನ ಒಂದು ಸುತ್ತುದಾರಿಯಿದೆ. ಕವಲುಗಳಲ್ಲಿ ಫಲಕಗಳನ್ನು ನೆಟ್ಟಿದ್ದಾರೆ. ಅದರಲ್ಲಿ ಸುಮಾರು ಅರ್ಧ ಜಲ್ಲಿ. ಏರುಗಳನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರುಗಳಿಗೂ ಮಿಕ್ಕಿ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾವು ನಾಲ್ಕು ದಿನಗಳಿಗೆ ಹಂಚಿಕೊಂಡೆವು. ಗಯೋಲೆಯಿಂದ ಹೊರಟರೆ ಮೊದಲು ಬ್ರೋಲಿಯೊ ಕೋಟೆಯ ಏರು. ಎರಡೂ ಕಡೆ ಸೈಪ್ರೆಸ್ ಮರಗಳು. 1141ರಿಂದ ರಿಕಾಸೊಲಿ ಮನೆತನಕ್ಕೆ ಸೇರಿದ ಕೋಟೆ ಅದು. ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆತ್ತಿನೊ ರಿಕಾಸೊಲಿ ಕಿಯಾಂತಿ ವೈನಿನ ಪಾಕವನ್ನು ಗೊತ್ತುಪಡಿಸಿದ್ದು ಅಲ್ಲಿಯೇ. ಅಲ್ಲಿಂದ ಸಿಯೇನಾದ ಪಕ್ಕದಲ್ಲಿ ಹಾದು ದಕ್ಷಿಣಕ್ಕೆ ಮೊಂತಾಲ್ಚಿನೊ. ಅಲ್ಲಿಂದ ತಿರುಗಿ ಲುಚಿನ್ಯಾನೊ ದಾಸ್ಸೊ ಎಂಬ ಹಿಡಿಯಷ್ಟು ಹಳ್ಳಿಯ ಮೂಲಕ ಆಶಾನೊ ಎಂಬ ಊರಿಗೆ. ಆಶಾನೊದಿಂದ ಮುಂದಿನದು ಮೊಂತೆ ಸಾಂತೆ ಮಾರಿಯೆ ಎಂಬ ದಾರಿ, ಸುಮಾರು ಹನ್ನೊಂದೂವರೆ ಕಿಲೋಮೀಟರು. ಬೋಳು ದಿಬ್ಬಗಳ ಬೆನ್ನಿನ ಮೇಲೆ ಏರುತ್ತ ಇಳಿಯುತ್ತ ಹೋಗುವ ಆ ದಾರಿಯಲ್ಲಿ ನೆರಳೆಂಬುದು ಬಹಳ ಅಪರೂಪ. ಮೋಟಾರಿನ ನೆರವಿದ್ದೂ ಎರಡು ಕಡೆ ನಾನು ಇಳಿದು ತಳ್ಳಿದೆ. ವೃತ್ತಿಪಂದ್ಯವನ್ನು ಮೂರು ಸಲ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯಾನ್ ಕಾಂಚೆಲ್ಲಾರಾನ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ. ತಳ್ಳುವವನಿಗೆ ಅದರಿಂದ ಸಮಾಧಾನವೇನೂ ಸಿಕ್ಕುವುದಿಲ್ಲ.

ಹೋಗಬಯಸುವವರಿಗೆ ಒಂದೆರಡು ಮಾತು. ಏಪ್ರಿಲಿನಿಂದ ಜೂನಿನ ಮೊದಲ ಭಾಗ, ಇಲ್ಲವೆ ಸೆಪ್ಟೆಂಬರ್ ಅಕ್ಟೋಬರ್ ಒಳ್ಳೆಯ ಕಾಲ. ನಡುಬೇಸಗೆಯಲ್ಲಿ ಹೋಗುವುದಾದರೆ ಬೆಳಗಿನ ಜಾವ ಹೊರಟು ಹನ್ನೊಂದಕ್ಕೆ ಮುಗಿಸಬೇಕು. ಮಧ್ಯಾಹ್ನ ಹಳ್ಳಿಗಳ ಅಂಗಡಿಗಳು ಮುಚ್ಚಿರುತ್ತವೆ. ನೀರಿಗೆ ಒಂದು ಉಪಾಯವನ್ನು ಮಗಳು ಹೇಳಿಕೊಟ್ಟಳು: ಊರಾಚೆಯ ಸ್ಮಶಾನಗಳಲ್ಲಿ ಸಮಾಧಿಯ ಮೇಲಿನ ಹೂವುಗಳಿಗಾಗಿ ನಲ್ಲಿಯಿರುತ್ತದೆ. ಸ್ಮಶಾನದ ನೀರು ಕುಡಿಯಲು ನನಗೆ ಮೊದಲ ದಿನ ಮನಸ್ಸು ಬರಲಿಲ್ಲ. ಎರಡನೆಯ ದಿನದ ಬಿಸಿಲು ಆ ಮಡಿಯನ್ನು ಬಿಡಿಸಿತು.

ನಾನು ನಗುವುದನ್ನು ಬಿಟ್ಟದ್ದು ಸಿಯೇನಾದಲ್ಲಿ ಒಂದು ಚಿತ್ರವನ್ನು ನೋಡಿದಾಗ. ನಗರಸಭೆಯ ಹಳೆಯ ಅರಮನೆಯ ಗೋಡೆಯ ಮೇಲೆ ಆಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತಗಳನ್ನು ಚಿತ್ರಿಸಿದ್ದಾನೆ. ಒಳ್ಳೆಯ ಆಡಳಿತದ ಫಲ ಎಂದು ಅವನು ಹಳ್ಳಿಗಾಡಿನಲ್ಲಿ ತೋರಿಸಿರುವುದೇನು? ಹೊಲ, ಗುಡ್ಡ, ಮತ್ತು ಒಂದು ರಸ್ತೆ. ನಗರದ ಬಾಗಿಲಿನಿಂದ ಇಳಿಯುವ ಆ ರಸ್ತೆಯಲ್ಲಿ ಕುದುರೆಯ ಮೇಲೆ ಬೇಟೆಗೆ ಹೊರಟ ಸಿರಿವಂತರು ಕೆಳಗೆ ಬರುತ್ತಿದ್ದಾರೆ. ಕತ್ತೆಗಳ ಮೇಲೆ ಮೂಟೆ ಹೇರಿಕೊಂಡ ರೈತರು ಮೇಲೆ ಹೋಗುತ್ತಿದ್ದಾರೆ. ಒಬ್ಬ ಸೊಂಟಕ್ಕೆ ಬಿಳಿಯ ಪಟ್ಟೆಯುಳ್ಳ ಕರಿಹಂದಿಯನ್ನು ಅಟ್ಟಿಕೊಂಡು ಬರುತ್ತಿದ್ದಾನೆ. ಆ ತಳಿಯ ಹಂದಿಗಳನ್ನು ನಾವು ದಾರಿಯಲ್ಲಿ ಕಂಡಿದ್ದೆವು. ಇವರೆಲ್ಲರ ತಲೆಯ ಮೇಲೆ ಅಭಯದೇವತೆ ತೇಲುತ್ತಿದ್ದಾಳೆ. ಒಂದು ಕೈಯಲ್ಲಿ ಬರಹದ ಸುರುಳಿ, ಇನ್ನೊಂದರಲ್ಲಿ ಗಲ್ಲುಗಂಬ. ಎದುರು ಗೋಡೆಯ ಕೆಟ್ಟ ಆಡಳಿತದಲ್ಲಿ ಹೊಲ ಹಾಳು, ದಾರಿಯಲ್ಲಿ ಭಯ. ನನ್ನ ಜೀವಮಾನದ ಉದ್ಯೋಗವನ್ನು ಯಾರಾದರೂ ಗೋಡೆಯ ಮೇಲೆ ಬರೆದಿಟ್ಟಿರಬಹುದೆಂದು ನಾನು ಎಣಿಸಿರಲಿಲ್ಲ.

ಇದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಿಡಲಾರೆ. 1969ರ ಮಳೆಗಾಲದಲ್ಲಿ, ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಹೆರಿಗೆಯ ನೋವು ಬಂದ ನನ್ನ ಅಕ್ಕನನ್ನು ಎತ್ತಿನ ಗಾಡಿಯಲ್ಲಿ ಪೇಟೆಗೆ ಕರೆದೊಯ್ದೆವು. ಒಂಬತ್ತು ಮೈಲಿಯ ಮಣ್ಣಿನ ರಸ್ತೆ. ಅಚ್ಚುಮಟ್ಟ ಕೆಸರಿನಲ್ಲಿ ಗಾಡಿ ಹೂತು, ಎತ್ತುಗಳನ್ನು ಬಿಚ್ಚಿ, ಅವಳನ್ನು ಕಂಬಳಿಯಲ್ಲಿ ಹೊತ್ತು ನಡೆದೆವು. ಅಕ್ಕ ಉಳಿದಳು, ಮಗು ಉಳಿಯಲಿಲ್ಲ. ನಾನು ಈ ಉದ್ಯೋಗಕ್ಕೆ ಸೇರಿದ್ದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾದದ್ದಿಲ್ಲ. ಆ ಒಂಬತ್ತು ಮೈಲಿಗೆ ಡಾಂಬರು ಬಿದ್ದ ದಿನ ನನಗಾದ ಸಂತೋಷ ಆಮೇಲೆ ಯಾವ ಬಡ್ತಿಯಿಂದಲೂ ಆಗಲಿಲ್ಲ. ಮಣ್ಣಿನ ದಾರಿಯೇ ಚೆಂದ ಎಂದು ದೂರದಿಂದ ಬಂದ ಸವಾರರು ಹೇಳುವಾಗ ನನಗೆ ಮೈ ಉರಿದದ್ದು ಇದರಿಂದ. ಆಶಾನೊದ ಆಚೆ ನಾವು ನೀರು ಕೇಳಿದ ಮನೆಯ ಮುದುಕಿಯೊಬ್ಬಳು ಮೇಜಿನ ಮೇಲಿನ ಬಿಳಿ ಧೂಳನ್ನು ಬಟ್ಟೆಯಿಂದ ಒರಸುತ್ತ, "ನೀವು ಹೋಗುತ್ತೀರಿ, ಇದು ಇಲ್ಲೇ ಇರುತ್ತದೆ" ಎಂದಳು. ಮಗಳು ಅದನ್ನು ಅನುವಾದಿಸಿ ಹೇಳಿದಾಗ ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು.

ಆದರೆ ಅದೇ ಮುದುಕಿಯನ್ನು, ಚಳಿಗಾಲದ ಮಳೆಯಲ್ಲಿ ವೈದ್ಯರ ವಾಹನ ಇಲ್ಲಿಗೆ ಬರುತ್ತದೆಯೇ ಎಂದು ಕೇಳಿಸಿದೆ. ಬರದೆ ಏನು, ಪ್ರತಿ ವಾರ ಬರುತ್ತದೆ ಎಂದಳು. ಎರಡು ಕಿಲೋಮೀಟರು ಜಲ್ಲಿ, ಆಮೇಲೆ ಡಾಂಬರಿನ ದೊಡ್ಡ ರಸ್ತೆ. ಮಳೆಗಾಲ ಮುಗಿದ ಮೇಲೆ ಯಂತ್ರ ಬಂದು ರಸ್ತೆಯನ್ನು ಕೆರೆದು ಸಮಮಾಡಿ ಹೊಸ ಕಲ್ಲು ಹಾಕಿ ಹೋಗುತ್ತದಂತೆ. ಹಾಗೆಂದಮೇಲೆ ನಮ್ಮ ಗಾಡಿಯನ್ನು ಹೂತದ್ದು ಮಣ್ಣಲ್ಲ. ಆ ಒಂಬತ್ತು ಮೈಲಿಯಲ್ಲಿ ಒಂದಾದರೂ ಮೋರಿ ಇತ್ತೇ ಎಂದು ನೆನಪು ಮಾಡಿಕೊಳ್ಳಲು ಆ ರಾತ್ರಿಯೆಲ್ಲ ಪ್ರಯತ್ನಪಟ್ಟೆ.

ಊರಿಗೆ ಬಂದ ಮೇಲೆ ಚಿತ್ರಗಳನ್ನು ಅಕ್ಕನಿಗೆ ತೋರಿಸಿದೆ. ಅವಳಿಗೆ ಈಗ ಎಪ್ಪತ್ತಾರು. ಬೆಟ್ಟಗಳನ್ನೂ ಕೋಟೆಯನ್ನೂ ಬೇಗ ಬೇಗ ದಾಟಿಸಿದಳು. ಮೊಂತೆ ಸಾಂತೆ ಮಾರಿಯೆಯ ಒಂದು ತಿರುವಿನಲ್ಲಿ ನಾನು ಸೈಕಲ್ಲು ತಳ್ಳುತ್ತಿರುವ ಚಿತ್ರ ಬಂದಾಗ ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ನನ್ನನ್ನು ನೋಡುತ್ತಿದ್ದಾಳೆಂದು ನಾನು ತಿಳಿದೆ. "ತಮ್ಮಾ, ಈ ಚರಂಡಿ ಪ್ರತಿ ವರ್ಷ ತೆಗೀತಾರೇನೋ?" ಎಂದಳು. ತೆಗೆಯುತ್ತಾರೆ ಅಕ್ಕ ಎಂದೆ. ಇನ್ನೊಂದು ಚಿತ್ರಕ್ಕೆ ತಿರುಗಿಸಲು ಹೋದ ನನ್ನ ಕೈಯನ್ನು ತಡೆದು, ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.